ಹನ್ನೊಂದನೆಯ ತೂತು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ
ಯಾರೂ ಯಾರ ಬಾಯಿಮಾತನ್ನೂ ನಂಬುವುದಿಲ್ಲ.
ಚೀಲದೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ
ತಳದಿಂದ ಒಂದು ಉಂಡೆ ಎಳೆದು,
ಒಡೆದು, ಮೂಸಿ, ಚೂರು ಹಲ್ಲಿಗಿಟ್ಟು
ಆಮೇಲಷ್ಟೇ ದರದ ಮಾತು.

ಆದರೆ ಟೆಂಡರ್ ಕೊಠಡಿಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ
ಮೊಳೆ ಹೊಡೆದು ಕೂರಿಸಿದ್ದ ಆ ಕಪ್ಪು ಡಬ್ಬಿ,
ಇಪ್ಪತ್ನಾಲ್ಕು ತೂತಿನ ಸ್ವಿಚ್ಚು,
ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿತ್ತು.
ಅದಕ್ಕೆ ಬೆಳ್ಳಗಿದ್ದದ್ದೆಲ್ಲ ಹಾಲು.

ಒಂದು ಯಂತ್ರ ಇಡೀ ಕೊಠಡಿಗೆ ಕೇಳುವಂತೆ ಕೂಗುತ್ತದೆ:
"ಹೊರಬಾಗಿಲು ಯಾರು? ನನ್ನ ದರ ಹೊರಗೆ ಹೋಗಬೇಕು."
ಬಾಗಿಲು ಹೇಳುತ್ತದೆ: "ನಾನು, ಇಗೋ ನನ್ನ ನಂಬರು."
ನಡುವೆ ಇನ್ನೊಂದು ದನಿ, ಯಾರೂ ಕೇಳದೆ,
ನಿಮಿಷಕ್ಕೆ ಮೂವತ್ತು ಸಲ:
"ನಾನೇ, ನಾನೇ, ನಾನೇ ಹೊರಬಾಗಿಲು."
ಕೊನೆಗೆ ಹೇಳಿದ್ದು ಯಾರೋ ಅವರದೇ ನಿಜ.
ಹಳೆಯ ಸಾಫ್ಟ್‌ವೇರು; ಲಕೋಟೆ ಇಲ್ಲ, ಬರೀ ಕಾರ್ಡು.
ದರಗಳೆಲ್ಲ ಮೊದಲು ಅಲ್ಲಿಗೆ ಹೋಗಿ
ಯಾರೋ ನಿಧಾನಕ್ಕೆ ಓದಿಕೊಂಡು
ಮುಂದಕ್ಕೆ ಕಳಿಸುತ್ತಿದ್ದರು.

ನಾಲ್ಕು ಶುಕ್ರವಾರ, ಬೇರೆ ಬೇರೆ ಹೆಸರಿಗೆ,
ಗೆದ್ದ ದರ ಎರಡನೆಯದಕ್ಕಿಂತ ಐದೇ ರೂಪಾಯಿ ಮೇಲೆ.
ಗಂಡಸಿಯ ರೇಣುಕಯ್ಯನವರೇ ಮೊದಲು ಅಂದದ್ದು:
"ತಾಯಿ, ಅದೃಷ್ಟಕ್ಕೆ ಇಷ್ಟು ಲೆಕ್ಕ ಬರಲ್ಲ."

ಪಟ್ಟಿ ತೆಗೆದೆ. ಎರಡು ವಿಳಾಸ, ಒಂದೇ ನಂಬರು.
ಒಂದೇ ಹೆಬ್ಬೆಟ್ಟು ಎರಡು ಪತ್ರಕ್ಕೆ ಒತ್ತಿದ ಹಾಗೆ.
ಹನ್ನೊಂದನೆಯ ತೂತು.
ವೈರು ಹಿಡಿದು ಹೊರಟೆ: ಬೆಂಚಿನ ಕೆಳಗೆ,
ಹಮಾಲರ ಊಟದ ಡಬ್ಬಿಗಳ ಹಿಂದೆ,
ಗೋಡೆ ಕೊರೆದು ಹಳೆಯ ತಕ್ಕಡಿಗಳ ಕೋಣೆಗೆ.
ಅಲ್ಲೊಂದು ಸ್ಟೂಲು, ಆರಿದ ಟೀ,
ಇನ್ನೂ ಬಿಸಿಯಿದ್ದ ಚಾರ್ಜರು. ಮನುಷ್ಯನಿಲ್ಲ.
ಕಾರ್ಯದರ್ಶಿ ಚನ್ನವೀರಪ್ಪ ಬಾಗಿಲಲ್ಲೇ ನಿಂತು
"ಯಾರು ಅಂತ ಕೇಳ್ಬೇಡ ತಬಸ್ಸುಮ್, ತೂತು ಮುಚ್ಚು" ಅಂದರು.
ಕೇಳಲಿಲ್ಲ.
ಆ ಕೋಣೆಯ ಬೀಗದ ಕೈ
ಯಾರ ಗೊಂಚಲಿನಲ್ಲಿದೆ ಅಂತಲೂ.

ಆ ರಾತ್ರಿ ಸ್ವಿಚ್ಚಿಗೆ ಅನುಮಾನ ಕಲಿಸಿದೆ.
ಒಂದು ಖಾತೆ ಪುಸ್ತಕ: ಯಾವ ತೂತು, ಯಾವ ನಂಬರು, ಯಾವ ವಿಳಾಸ.
ವಿಳಾಸ ಹಂಚುವ ಹಕ್ಕು ಒಂದೇ ತೂತಿಗೆ.
ಬಾಯಿ ತೆರೆದವರ ಮಾತು ಪುಸ್ತಕಕ್ಕೆ ತಾಳೆಯಾದರೆ ಸರಿ,
ಇಲ್ಲವೆ ಅಲ್ಲೇ ಬಿಸಾಡು.
ಒಂದು ತೂತಿಗೆ ಒಬ್ಬನೇ; ಇನ್ನೊಬ್ಬ ಇಣುಕಿದರೆ
ದೀಪ ಕೆಂಪು, ಬಾಗಿಲು ಬಂದ್.
ಖಾಲಿ ತೂತುಗಳಿಗೆಲ್ಲ ಬೀಗ.
ಮುಗಿಸುವಾಗ ಮೈಸೂರಿನ ರೈಲು
ತನ್ನ ಹೆಸರು ಕೂಗಿಸಿಕೊಂಡು ಹೊರಟಿತ್ತು.

ಶುಕ್ರವಾರ ಮೊದಲು ಸಿಕ್ಕಿಬಿದ್ದದ್ದು ಕಳ್ಳನಲ್ಲ,
ತೂಕದ ಲೋಕೇಶ. ಹಿಂದಿನ ದಿನವಷ್ಟೇ
ಕಾಟಾದ ಕಾರ್ಡು ಬದಲಿಸಿದ್ದ, ನನಗೆ ಹೇಳಿರಲಿಲ್ಲ.
ಮುನ್ನೂರು ಚೀಲ ಅಂಗಳದಲ್ಲೇ ನಿಂತವು.
"ಹತ್ತು ವರ್ಷದಿಂದ ಇದೇ ಜಾಗದಲ್ಲಿ ಕೂತಿದೀನಿ,
ನಿನ್ನ ಡಬ್ಬಿಗೆ ನನ್ನ ಗುರುತಿಲ್ವಾ?"
ಇಲ್ಲ ಲೋಕೇಶಣ್ಣ. ಅದಕ್ಕೆ ಮುಖ ಕಾಣೋದಿಲ್ಲ.
ಅವನ ನಂಬರು ಬರೆಯಲು ಹೋಗಿ
ಅವಸರಕ್ಕೆ ಸಿಕ್ಕ ತೂತಿಗೆ ನನ್ನ ಲ್ಯಾಪ್‌ಟಾಪಿನ ವೈರು ಚುಚ್ಚಿದೆ.
ದೀಪ ಕೆಂಪಾಯಿತು.
ನಾನೇ ಹೇಳಿಕೊಟ್ಟ ಪಾಠ, ನನಗೇ ಒಪ್ಪಿಸಿತು.
ಎಲ್ಲರೂ ನೋಡುತ್ತಿದ್ದರು. ನಾಚಿಕೆಯಾಯಿತು,
ಹೆಮ್ಮೆಯೂ, ಚೂರು.

ದರ ಏರಿತಾ ಅಂತ ಕೇಳುತ್ತೀರಿ.
ಏರಿತು, ಕ್ವಿಂಟಲಿಗೆ ನಾನೂರು.
ತಿಪಟೂರಿನಲ್ಲೂ ಏರಿತ್ತಂತೆ ಅವತ್ತು;
ನನ್ನಿಂದ ಅಂತ ಹೇಳಲಾರೆ.
ರೇಣುಕಯ್ಯನವರು ಒಂದು ಉಂಡೆ ಒಡೆದು
ಅರ್ಧ ನನ್ನ ಅಂಗೈಗಿಟ್ಟರು.
ತಿನ್ನುವ ಮೊದಲು ಮೂಸಿದೆ.
"ಮಂಡಿಯವಳೇ ಆಗ್ಬಿಟ್ಟೆ" ಅಂತ ನಕ್ಕರು.

ಹನ್ನೊಂದನೆಯ ತೂತಿನ ಬಾಯಲ್ಲಿ ಈಗ ಧೂಳು.
ಬಂದ ದಿನವೆಲ್ಲ ಮೊದಲು ಅದನ್ನೇ ನೋಡುತ್ತೇನೆ,
ಧೂಳು ಅಲುಗಿದೆಯೇ ಅಂತ.